24 ಪದ ಸಿಕ್ಕಿತು, ಅಣ್ಣನ ಬಿಟ್‌ಕಾಯಿನ್ ಸಿಗಲಿಲ್ಲ

ಅಣ್ಣ ಹಠಾತ್ತಾಗಿ ಹೋಗಿಬಿಟ್ಟ. ಬಿಟ್‌ಕಾಯಿನ್ ಇಟ್ಟಿದ್ದಾನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲಿದೆ, ತೆಗೆಯುವುದು ಹೇಗೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ಬದುಕಿರುವವನನ್ನು ಅಂಥದ್ದು ಕೇಳುವುದು ಹೇಗೆ ಅನ್ನುವ ಸಂಕೋಚ. ನಿಮ್ಮ ಮನೆಯಲ್ಲೂ ಆ ಸಂಕೋಚ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಅವನ ಕಪಾಟಿನಲ್ಲಿ ಪೆನ್‌ಡ್ರೈವಿನಂಥ ಹಾರ್ಡ್‌ವೇರ್ ವಾಲೆಟ್ ಇತ್ತು, ಅಂದರೆ ಬಿಟ್‌ಕಾಯಿನ್ ತೆಗೆಯುವ ಗುಟ್ಟಿನ ಕೀಲಿಯನ್ನು ಒಳಗಿಟ್ಟುಕೊಳ್ಳುವ ಸಾಧನ. "ನಂಗೆ ಇದೆಲ್ಲ ತಿಳಿಯಲ್ಲ, ನೀನೇ ನೋಡಪ್ಪ" ಅಂದರು ಅತ್ತಿಗೆ. ನಾನು ಪಿನ್ ಊಹಿಸತೊಡಗಿದೆ. ಹುಟ್ಟಿದ ದಿನ, ಮದುವೆಯ ದಿನ, ಗಾಡಿ ನಂಬರು. ಮೂರನೆಯದೂ ತಪ್ಪಾದೊಡನೆ ಒಳಗಿದ್ದದ್ದೆಲ್ಲ ಅಳಿಸಿಹೋಗಿ, ಅಂಗಡಿಯಿಂದ ಆಗಷ್ಟೇ ತಂದ ಸಾಧನದ ಹಾಗೆ ಅದು ಮೊದಲಿನಿಂದ ಶುರುವಾಯಿತು. ಕಳ್ಳರ ಕೈಗೆ ಸಿಕ್ಕರೂ ಕದಿಯಲಾಗಬಾರದೆಂದು ಅವುಗಳನ್ನು ಹಾಗೆ ಮಾಡಿರುತ್ತಾರೆ. ದುಡುಕಿದ್ದು ನಾನು.

ವಾರದ ನಂತರ ಡೈರಿಯ ರಟ್ಟಿನೊಳಗೆ ಮಡಚಿಟ್ಟ ಹಾಳೆ ಸಿಕ್ಕಿತು. ಅವನದೇ ದುಂಡಗಿನ ಅಕ್ಷರದಲ್ಲಿ, ನಂಬರು ಹಾಕಿ ಬರೆದ 24 ಇಂಗ್ಲಿಷ್ ಪದಗಳು. ಸೀಡ್ ಫ್ರೇಸ್ ಅನ್ನುವುದು ಇದನ್ನೇ, ಸಾಧನ ಹಾಳಾದರೂ ಈ ಪದಗಳಿಂದ ವಾಲೆಟ್ಟನ್ನು ಮತ್ತೆ ತೆರೆಯಬಹುದು. 2048 ಪದಗಳ ಒಂದು ನಿಗದಿತ ಪಟ್ಟಿ ಇದೆ, ಅದರಿಂದ ಆಯ್ದವು ಇವು. ಹೊಸ ಸಾಧನ ತಂದು ಒಂದೊಂದೇ ಪದ ಹಾಕಿದೆವು. ಎಲ್ಲವನ್ನೂ ಒಪ್ಪಿಕೊಂಡಿತು, ವಾಲೆಟ್ ತೆರೆಯಿತು. ಅತ್ತಿಗೆ ದೇವರಿಗೆ ಕೈ ಮುಗಿದರು. ಒಳಗೆ ನೋಡಿದರೆ ಚಿಲ್ಲರೆ ಮೊತ್ತ.

ಅದೇ ಡೈರಿಯಲ್ಲಿ ಅವನು ಒಂದು ಬಿಟ್‌ಕಾಯಿನ್ ವಿಳಾಸವನ್ನೂ, ಅಂದರೆ ಖಾತೆ ನಂಬರಿನಂಥ ಅಕ್ಷರ-ಅಂಕಿಗಳ ಸಾಲನ್ನೂ, ಬರೆದಿಟ್ಟಿದ್ದ. ಬಿಟ್‌ಕಾಯಿನ್ ಲೆಕ್ಕ ಯಾರು ಬೇಕಾದರೂ ನೋಡಬಹುದಾದದ್ದು. ಹುಡುಕಿ ನೋಡಿದರೆ ಅವನ ಉಳಿತಾಯದ ಬಹುಪಾಲು ಅಲ್ಲೇ ಕೂತಿದೆ. ನಾವು ತೆರೆದ ವಾಲೆಟ್‌ನಲ್ಲಿ ಆ ವಿಳಾಸವೇ ಇಲ್ಲ!

ಕಾರಣ ಗೊತ್ತಾಗಲು ತಿಂಗಳು ಹಿಡಿಯಿತು. 24 ಪದಗಳ ಮೇಲೆ ತಾನೇ ಆರಿಸಿದ ಇನ್ನೊಂದು ಗುಟ್ಟಿನ ಪದವನ್ನು, ಅಂದರೆ ಪಾಸ್‌ಫ್ರೇಸನ್ನು, ಸೇರಿಸಿಕೊಳ್ಳುವ ವ್ಯವಸ್ಥೆ ಇದೆ. ಕೆಲವರು ಇದನ್ನು 25ನೇ ಪದ ಅನ್ನುತ್ತಾರೆ. ಅದನ್ನು ಹಾಕದಿದ್ದರೆ ಒಂದು ವಾಲೆಟ್, ಹಾಕಿದರೆ ಬೇರೆಯೇ ವಾಲೆಟ್. ಪಾಸ್‌ಫ್ರೇಸ್ ತಪ್ಪಾದರೆ "ತಪ್ಪು" ಅಂತ ಅದು ಹೇಳುವುದೇ ಇಲ್ಲ, ಒಂದು ಖಾಲಿ ವಾಲೆಟ್ ತೆರೆದು ಮುಂದಿಡುತ್ತದೆ. ದೊಡ್ಡಕ್ಷರ, ಸಣ್ಣಕ್ಷರ, ನಡುವೆ ಬಿಟ್ಟ ಜಾಗ, ಯಾವುದು ಬದಲಾದರೂ ವಾಲೆಟ್ಟೇ ಬದಲಾಗುತ್ತದೆ. ನಾನು, ಅತ್ತಿಗೆ, ಅವರ ಮಗಳು ಕೂತು ನೂರಾರು ಪದ ಹಾಕಿ ನೋಡಿದೆವು. ಪ್ರತಿ ಸಲವೂ ಸೊನ್ನೆ. ಕೆಲವು ಸಾಧನಗಳಲ್ಲಿ ಪಾಸ್‌ಫ್ರೇಸನ್ನು ಎರಡನೇ ಪಿನ್‌ಗೆ ಜೋಡಿಸಿ ಒಳಗೇ ಇಡಬಹುದಂತೆ. ಅಣ್ಣ ಹಾಗೆ ಮಾಡಿದ್ದನೋ ಏನೋ, ಅದನ್ನು ಅಳಿಸಿದವನು ನಾನೇ ಅನ್ನುವುದು ಈಗಲೂ ರಾತ್ರಿ ನಿದ್ದೆಗೆಡಿಸುತ್ತದೆ.

ಇಷ್ಟರಲ್ಲಿ ಇನ್ನೊಂದು ಪೆಟ್ಟು. ಸಹಾಯ ಕೇಳಿ ಒಂದು ಗುಂಪಿನಲ್ಲಿ ಬರೆದಿದ್ದೆ. ಹತ್ತು ನಿಮಿಷದಲ್ಲಿ "ರಿಕವರಿ ತಜ್ಞ" ಅಂತ ಒಬ್ಬ ಮೆಸೇಜ್ ಮಾಡಿದ. ತುಂಬ ಮರ್ಯಾದೆಯ ಮಾತು. ವಾಲೆಟ್ "ಪರಿಶೀಲಿಸಲು" 24 ಪದ ಒಂದು ಪುಟದಲ್ಲಿ ಹಾಕಿ ಅಂದ. ಹಾಕಿದೆ. ಆ ಚಿಲ್ಲರೆಯೂ ಹೋಯಿತು. ಆ ಪದಗಳನ್ನು ಕೇಳುವವನು ಯಾರೇ ಆಗಲಿ, ಎಷ್ಟೇ ನಯವಾಗಿ ಮಾತಾಡಲಿ, ಕಳ್ಳನೇ.

ಎಕ್ಸ್‌ಚೇಂಜಿನಲ್ಲಿ, ಅಂದರೆ ಬಿಟ್‌ಕಾಯಿನ್ ಕೊಂಡು ಮಾರುವ ಕಂಪನಿಯ ಖಾತೆಯಲ್ಲಿ, ಇದ್ದ ಸ್ವಲ್ಪ ಮಾತ್ರ ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಕಾಗದ ಕೊಟ್ಟು ಬಹಳ ಓಡಾಡಿದ ಮೇಲೆ ಅತ್ತಿಗೆಯ ಕೈಗೆ ಬಂತು. ಅಲ್ಲಿ ಕೇಳಲು ಒಂದು ಕಚೇರಿಯಾದರೂ ಇತ್ತು. ಸ್ವಂತ ವಾಲೆಟ್‌ಗೆ ಅದೂ ಇಲ್ಲ. ಅವನ ಸಿಮ್ ಕಾರ್ಡನ್ನು ನಾವು ಅವಸರದಲ್ಲಿ ಬಂದ್ ಮಾಡಿಸಿದ್ದರಿಂದ ಒಟಿಪಿ ಬರದೆ ಅವನ ಇಮೇಲ್ ಕೂಡ ತೆರೆಯಲಾಗಲಿಲ್ಲ. ಕೆಲಸ ಮುಗಿಯುವವರೆಗೆ ಫೋನು, ಸಿಮ್ ಎರಡನ್ನೂ ಮುಟ್ಟಬೇಡಿ.

ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಇಟ್ಟಿರುವವರಿಗೆ ನನ್ನದೊಂದು ಬೇಡಿಕೆ. ಏನೇನಿದೆ, ಯಾವ ಸಾಧನ, ಪಾಸ್‌ಫ್ರೇಸ್ ಇದೆಯೋ ಇಲ್ಲವೋ, ಯಾವುದು ಎಲ್ಲಿದೆ ಅನ್ನುವುದನ್ನು ಒಂದು ಪತ್ರದಲ್ಲಿ ಬರೆದಿಡಿ. ಪದಗಳನ್ನು ಆ ಪತ್ರದಲ್ಲಿ ಬರೆಯಬೇಡಿ, ಉಯಿಲಿನಲ್ಲೂ ಬೇಡ. ಕೆಲವು ದೇಶಗಳಲ್ಲಿ ಉಯಿಲು ಕೋರ್ಟಿಗೆ ಹೋದ ಮೇಲೆ ಯಾರು ಬೇಕಾದರೂ ಅದನ್ನು ಓದಬಹುದು. ಪಾಸ್‌ಫ್ರೇಸನ್ನು 24 ಪದಗಳಿಂದ ಬೇರೆ ಜಾಗದಲ್ಲಿಡಿ, ಆದರೆ ತಲೆಯಲ್ಲಿ ಮಾತ್ರ ಇಡಬೇಡಿ. ದೊಡ್ಡ ಮೊತ್ತವಿದ್ದರೆ ಮೂರು ಕೀಲಿಗಳಲ್ಲಿ ಯಾವ ಎರಡಿದ್ದರೂ ತೆರೆಯುವ ಮಲ್ಟಿಸಿಗ್ ವ್ಯವಸ್ಥೆಯೂ ಇದೆ, ಒಂದು ಕಳೆದರೂ ಎಲ್ಲ ಮುಳುಗುವುದಿಲ್ಲ.

ಆಮೇಲೆ, ಬದುಕಿರುವಾಗಲೇ ಒಮ್ಮೆ ಮಾಡಿಸಿ ನೋಡಿ. ಹೋದ ಭಾನುವಾರ ಒಂದು ಖಾಲಿ ಸಾಧನವನ್ನೂ ನನ್ನ ಪತ್ರವನ್ನೂ ಹೆಂಡತಿಯ ಮುಂದಿಟ್ಟು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತೆ. ಎರಡು ಕಡೆ ಸಿಕ್ಕಿಬಿದ್ದಳು. ಪಾಸ್‌ಫ್ರೇಸ್ ಹಾಕುವ ಜಾಗ ಯಾವ ಮೆನುವಿನಲ್ಲಿದೆ ಅಂತ ನಾನು ಬರೆದೇ ಇರಲಿಲ್ಲ, ಮತ್ತು ನನ್ನ ಕೈಬರಹದ ಒಂದು ಅಕ್ಷರ ಅವಳಿಗೆ ಬೇರೆಯಾಗಿ ಕಂಡಿತ್ತು. ಪತ್ರವನ್ನು ಅವಳೇ ತನ್ನ ಅಕ್ಷರದಲ್ಲಿ ಮತ್ತೆ ಬರೆದಿಟ್ಟಿದ್ದಾಳೆ.