ಶಿವಾಜಿನಗರದ ಪ್ರೋಟೀನ್ ಕ್ಲಾಸು: ಸರ್‌ಗೆ ಐದು ನಕ್ಷತ್ರ, ಆಫೀಸಿಗೆ ಅರ್ಧ

ಹೆಸರು ಹಾಕುವುದಿಲ್ಲ. ಪುಣೆಯ ಶಿವಾಜಿನಗರದ ಕಡೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಕೆಳಗೆ ಅಮೃತತುಲ್ಯ ಚಹಾದಂಗಡಿ. 'ಪ್ರೋಟೀನ್ ಬಯೊಇನ್ಫರ್ಮ್ಯಾಟಿಕ್ಸ್ ತರಬೇತಿ, ಪಿಎಚ್‌ಡಿ ಮಾರ್ಗದರ್ಶನ ಸಹಿತ' ಅಂತ ಬೋರ್ಡು. ಅಂದರೆ ಕಂಪ್ಯೂಟರಿನಲ್ಲಿ ಪ್ರೋಟೀನುಗಳನ್ನು ಓದುವ ವಿದ್ಯೆ. ಆ 'ಸಹಿತ' ಅನ್ನೋ ಪದಕ್ಕೆ ಮರುಳಾಗಿ ದುಡ್ಡು ಕಟ್ಟಿದವಳು ನಾನು.

ಧಾರವಾಡದಲ್ಲಿ ಬಯೊಟೆಕ್ನಾಲಜಿ ಎಂಎಸ್ಸಿ ಮುಗಿಸಿ ಇಲ್ಲಿ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಇರುವುದು ಕರ್ವೆನಗರದಲ್ಲಿ, ಮೌಶಿ ಮನೆಯಲ್ಲಿ. ಫೋನಿನಲ್ಲಿ ಫೀ 24,000 ಅಂದಿದ್ದರು. ಕಟ್ಟಲು ಹೋದರೆ ಜಿಎಸ್‌ಟಿ ಸೇರಿ 28,320. "ಇಷ್ಟ್ ರೊಕ್ಕಾ ತಗೊಂಡು ಕೆಲಸಾ ಕೊಡಸ್ತಾರೇನವಾ?" ಅಂದಳು ಮೌಶಿ. ಇಲ್ಲ ಮೌಶಿ, ಇನ್ನೂ ಐದು ವರ್ಷ ಓದುವ ದಾರಿ ತೋರಿಸ್ತಾರಂತೆ ಅಂದೆ. ಅವಳು ಮತ್ತೆ ಮಾತಾಡಲಿಲ್ಲ.

ಹನ್ನೆರಡು ರವಿವಾರ, ಬೆಳಿಗ್ಗೆ 10ರಿಂದ 2ರವರೆಗೆ. ಹದಿನಾಲ್ಕು ಜನಕ್ಕೆ ಎಂಟು ಕಂಪ್ಯೂಟರು, ಅದರಲ್ಲೂ ಒಂದರ ಮೌಸು ಕೈಕೊಟ್ಟಿತ್ತು. ಮೊದಲ ಮೂರು ವಾರ ಯುನಿಪ್ರಾಟ್, ಬ್ಲಾಸ್ಟ್, ಪ್ರೋಟೀನ್ ಡೇಟಾ ಬ್ಯಾಂಕ್, ಅಂದರೆ ಪ್ರೋಟೀನ್ ಮಾಹಿತಿ ಹುಡುಕುವ ತಾಣಗಳು, ಸಾಧನಗಳು. ಎಂಎಸ್ಸಿ ಮಾಡಿದವರಿಗೆ ಹೊಸದೇನಲ್ಲ. ನಿದ್ದೆ ಬಂದರೆ ಕೆಳಗಿಳಿದು ಚಹಾ.

ಕ್ಲಾಸು ಬಿಸಿಯೇರಿದ್ದು ಐದನೇ ರವಿವಾರ. ಕಲಿಸುವ ಸರ್ ಸೊಲ್ಲಾಪುರದವರು, ಕನ್ನಡ ಮರಾಠಿ ಎರಡೂ ಕಲೆಸಿ ಮಾತಾಡುವವರು. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಅನ್ನೋ ಎಐ ಕೊಟ್ಟ ಪಿ53 (ಕ್ಯಾನ್ಸರ್ ತಡೆಯುವ ಒಂದು ಪ್ರೋಟೀನ್) ರಚನೆಗೆ ಒಂದು ಔಷಧಿ ಅಣುವನ್ನು ಡಾಕ್ ಮಾಡಿಕೊಂಡು, ಅಂದರೆ ಕಂಪ್ಯೂಟರಿನಲ್ಲೇ ಕೂಡಿಸಿಕೊಂಡು ಬನ್ನಿ ಅಂದಿದ್ದರು. ನಾನು ಆಟೊಡಾಕ್ ವಿನಾ ಅನ್ನೋ ಡಾಕಿಂಗ್ ತಂತ್ರಾಂಶದಲ್ಲಿ −7.1 ಅಂಕ ತೆಗೆದು, ಚಿತ್ರಕ್ಕೆ ಬಣ್ಣ ಗಿಣ್ಣ ಹಾಕಿ, ಬೀಗಿಕೊಂಡು ಹೋಗಿದ್ದೆ. ಮೈನಸ್ ಹೆಚ್ಚಾದಷ್ಟೂ ಅಂಟು ಹೆಚ್ಚು ಅಂತ ಲೆಕ್ಕ. ಸರ್ ನನ್ನ ಪರದೆಗೆ ಬಗ್ಗಿ ನೋಡಿದರು.

"ಯವ್ವಾ, ಎಲ್ಲಿ ಕೂಡಿಸೀದಿ ಇದನ್ನ?"

"ಈ ಕುಣಿಯೊಳಗ ಸರ್."

"ಕುಣಿ ಬಣ್ಣಾ ಯಾವುದೈತಿ ನೋಡು. ಕಿತ್ತಳಿ. ಅಲ್ಲಿ ಹೆಂಗ ಕೂಡಬೇಕಂತ ಪ್ರೋಟೀನಿಗೇ ಗೊತ್ತಿಲ್ಲ, ಅದು ನಿನ್ನ ಔಷಧಕ್ಕ ಎಲ್ಲಿ ಜಾಗಾ ಕೊಡ್ತೈತಿ?"

ಆಲ್ಫಾಫೋಲ್ಡ್ ಪ್ರೋಟೀನ್ ಸರದ ಮಣಿಗಳಂಥ ಒಂದೊಂದು ಅಮೈನೋ ಆಮ್ಲಕ್ಕೂ ನೂರಕ್ಕೆ ಇಷ್ಟು ಅಂತ ನಂಬಿಕೆಯ ಅಂಕ ಕೊಡುತ್ತದೆ. 90ರ ಮೇಲಿದ್ದರೆ ಕಡು ನೀಲಿ, 50ಕ್ಕಿಂತ ಕೆಳಗಿದ್ದರೆ ಕಿತ್ತಳೆ. ಪಿ53ರಲ್ಲಿ 393 ಅಮೈನೋ ಆಮ್ಲಗಳು. ಡಿಎನ್ಎಗೆ ಅಂಟಿಕೊಳ್ಳುವ ನಡುಭಾಗ ನೀಲಿಯಾಗಿ ಗಟ್ಟಿ ನಿಂತಿರುತ್ತದೆ. ಎರಡೂ ತುದಿಗಳು ಬೆಂದ ಶಾವಿಗೆ ಎಳೆಯ ಹಾಗೆ ಸಡಿಲ. ನಿಜವಾದ ಪ್ರೋಟೀನಿನಲ್ಲೂ ಆ ತುದಿಗಳಿಗೆ ತಮ್ಮದೇ ಅಂತ ಒಂದು ನಿಂತ ಆಕಾರ ಇಲ್ಲ. ನಾನು ಅಂಥ ಶಾವಿಗೆಯ ಎರಡು ಸುರುಳಿ ಪಕ್ಕಪಕ್ಕ ಬಂದಿದ್ದನ್ನೇ ಕುಣಿ ಅಂದುಕೊಂಡಿದ್ದೆ. ವಿನಾಗೆ ಇದೆಲ್ಲ ಬೇಕಿಲ್ಲ, ಅಣು ಎಲ್ಲಿ ಕೂಡಬೇಕು ಅಂತ ಗುರುತಿಸುವ ಪೆಟ್ಟಿಗೆ ಎಲ್ಲಿ ಎಳೆದರೂ ಒಂದು ಅಂಕಿ ಉಗುಳುತ್ತದೆ. ಆವತ್ತು ಹದಿನಾಲ್ಕರಲ್ಲಿ ಒಂಬತ್ತು ಜನ ಕಿತ್ತಳೆಯಲ್ಲೇ ಕೂಡಿಸಿಕೊಂಡು ಬಂದಿದ್ದರು. ಹಾಗಾಗಿ ಮಾನ ಅಷ್ಟೇನೂ ಹೋಗಲಿಲ್ಲ.

ಇನ್ನೊಂದು ರವಿವಾರ ಕಂಪ್ಯೂಟರ್ ಮುಟ್ಟಲು ಬಿಡದೆ, ಕಾಗದ ಪೆನ್ಸಿಲ್ಲಿನಲ್ಲಿ ಕೋಳಸ್ಕರ್–ಟೊಂಗಾಂವ್ಕರ್ ವಿಧಾನ ಮಾಡಿಸಿದರು. ಪ್ರೋಟೀನಿನ ಯಾವ ತುಣುಕು ಪ್ರತಿಕಾಯಗಳನ್ನು ಹುಟ್ಟಿಸಬಹುದು ಅಂತ ಅಂದಾಜು ಹಾಕುವ ವಿಧಾನ ಅದು. ಏಳೇಳು ಅಮೈನೋ ಆಮ್ಲಗಳ ಕಿಟಕಿ ಸರಿಸುತ್ತ ಅವುಗಳ ಅಂಕಗಳ ಸರಾಸರಿ ತೆಗೆಯಬೇಕು. 1990ರಲ್ಲಿ ಇದು ಪ್ರಕಟವಾದದ್ದು ಇದೇ ಊರಿನ ವಿಶ್ವವಿದ್ಯಾಲಯದಿಂದ, ನಾವು ಕೂತ ಜಾಗದಿಂದ ರಿಕ್ಷಾದಲ್ಲಿ ಹೋಗಿಬರುವಷ್ಟು ದೂರ. ಕೈಯಲ್ಲಿ ಲೆಕ್ಕ ಮಾಡಿದ ಮೇಲೆಯೇ ನನಗೆ ತಿಳಿದದ್ದು, ಇಷ್ಟು ದಿನ ಗುಂಡಿ ಒತ್ತಿ ತೆಗೆದ ಗ್ರಾಫುಗಳ ಒಳಗೆ ಏನು ನಡೆಯುತ್ತಿತ್ತು ಅಂತ.

ಇನ್ನು ಆಫೀಸಿನ ಕಥೆ. 'ಪಿಎಚ್‌ಡಿ ಮಾರ್ಗದರ್ಶನ' ಅಂದರೆ ಹನ್ನೊಂದನೇ ರವಿವಾರ ನಲವತ್ತು ನಿಮಿಷ, ಜೊತೆಗೆ ನಾಲ್ಕು ಪುಟದ ಪಿಡಿಎಫ್. ಅದರಲ್ಲಿದ್ದ ವಿದೇಶಿ ಹುದ್ದೆಗಳಲ್ಲಿ ಮೂರಕ್ಕೆ ಅರ್ಜಿಯ ಕೊನೆ ದಿನ ಆಗಲೇ ಮುಗಿದಿತ್ತು. ಕೇಳಿದರೆ "ಮಾದರಿಗೆ ಕೊಟ್ಟಿದ್ದು" ಅಂದರು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು, 9,000 ಕೊಟ್ಟರೆ ಒಂದು ವಿಮರ್ಶಾ ಲೇಖನದಲ್ಲಿ ನಿಮ್ಮ ಹೆಸರು ಸೇರಿಸುತ್ತೇವೆ, ನಾಲ್ಕೇ ದಿನದಲ್ಲಿ ಪ್ರಕಟ ಅಂದರು. ನಾನು ಎದ್ದು ಬಂದೆ. ಬೆಳಗಾವಿಯ ಹುಡುಗನೊಬ್ಬ ಕಟ್ಟಿದ. ಇಂಟರ್ವ್ಯೂನಲ್ಲಿ "ಇದರಲ್ಲಿ ನೀವು ಬರೆದದ್ದು ಯಾವ ಭಾಗ?" ಅಂತ ಕೇಳಿದರೆ ಏನು ಹೇಳ್ತೀಯೋ ಅಂದೆ. ರಸೀದಿ ಮಡಚಿ ಜೇಬಿಗೆ ಹಾಕಿಕೊಂಡ, ಪಾಪ.

ಆ ಪಿಡಿಎಫ್‌ನಲ್ಲಿ ಇರಬೇಕಾಗಿದ್ದದ್ದು ನನಗೆ ಒಂದೇ ಸಂಜೆಯಲ್ಲಿ ಪುಕ್ಕಟೆ ಸಿಕ್ಕಿತು. ಪಿಎಚ್‌ಡಿ ಮಾಡಬಹುದಾದ ಸಂಶೋಧನಾ ಸಂಸ್ಥೆಗಳು ಪುಣೆಯಲ್ಲೇ ಇವೆ: ಪಾಷಾಣ್ ಬಡಾವಣೆಯಲ್ಲಿ ಐಸರ್, ಅದರ ಪಕ್ಕಕ್ಕೇ ಎನ್‌ಸಿಎಲ್, ವಿಶ್ವವಿದ್ಯಾಲಯದ ಆವರಣದಲ್ಲಿ ಎನ್‌ಸಿಸಿಎಸ್. ಮುಂಬೈ ಕಡೆ ಕೊಲಾಬಾದ ಟಿಐಎಫ್ಆರ್, ಕ್ಯಾನ್ಸರ್ ಜೀವಶಾಸ್ತ್ರ ಬೇಕಾದವರಿಗೆ ಖಾರ್ಘರ್‌ನ ಆಕ್ಟ್ರೆಕ್. ಪಿಎಚ್‌ಡಿ ಫೆಲೋಶಿಪ್‌ಗೆ ಬರೆಯುವ ಸಿಎಸ್ಐಆರ್-ನೆಟ್ ಪರೀಕ್ಷೆ ವರ್ಷಕ್ಕೆರಡು ಸಲ. ಅದರ ಜೀವವಿಜ್ಞಾನ ಪತ್ರಿಕೆಯ ಸಿ ಭಾಗದಲ್ಲಿ 75 ಪ್ರಶ್ನೆಗಳಲ್ಲಿ 25 ಮಾತ್ರ ಬರೆಯಬೇಕು, ಒಂದೊಂದಕ್ಕೆ 4 ಅಂಕ, ತಪ್ಪಾದರೆ ಕಾಲುಭಾಗ ಕಡಿತ. ಟಿಐಎಫ್ಆರ್‌ಗೂ ಬೆಂಗಳೂರಿನ ಎನ್‌ಸಿಬಿಎಸ್‌ಗೂ ಸೇರಿ ಒಂದು ಬೇರೆ ಪ್ರವೇಶ ಪರೀಕ್ಷೆ ಇದೆ. ಜೆಆರ್‌ಎಫ್ ಅನ್ನೋ ಫೆಲೋಶಿಪ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮನೆಬಾಡಿಗೆ ಭತ್ಯೆ ಬೇರೆ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಕೈಗೆ ಬರುವುದು ಮಾತ್ರ ಕೆಲವೊಮ್ಮೆ ತಿಂಗಳುಗಟ್ಟಲೆ ತಡ ಅಂತ ಸೀನಿಯರ್‌ಗಳ ಗೋಳು. ಜರ್ಮನಿಯಲ್ಲಿ ಪಿಎಚ್‌ಡಿ ಅಂದರೆ ಬಹುಪಾಲು ಸಂಬಳದ ಹುದ್ದೆಯೇ, ಜಾಹೀರಾತು ನೋಡಿ ನೇರ ಅರ್ಜಿ ಹಾಕಬಹುದು. ಯುರೋಪಿನ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಅನ್ನೋ ಪಿಎಚ್‌ಡಿ ಯೋಜನೆಗಳಲ್ಲಿ, ಹೋಗಬೇಕಾದ ದೇಶದಲ್ಲಿ ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದಿರಬಾರದು ಅಂತ ನಿಯಮ. ಕರ್ವೆನಗರ ಬಿಟ್ಟು ಕದಲದ ನನ್ನಂಥವಳಿಗೆ ಅಡ್ಡಿಯೇ ಇಲ್ಲ. ಯುರಾಕ್ಸೆಸ್ ತಾಣದಲ್ಲಿ ಈ ಹುದ್ದೆಗಳು ಸಿಗುತ್ತವೆ, ನೋಡಲು ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ.

ಕೋರ್ಸು ಮುಗಿದ ಮೇಲೆ ಒಂದು ಕಡೆ ಪಿಎಚ್‌ಡಿಗೆ ಇಂಟರ್ವ್ಯೂ ಆಯಿತು. ರಾಮಚಂದ್ರನ್ ನಕ್ಷೆ (ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಅಂತ ತೋರಿಸುವುದು) ಬರೆಯಿರಿ, ಗ್ಲೈಸೀನ್ ಅನ್ನೋ ಅಮೈನೋ ಆಮ್ಲ ಮಾತ್ರ ಯಾಕೆ ಎಲ್ಲ ಕಡೆ ಓಡಾಡುತ್ತದೆ ಅಂದರು. ಅದರ ಪಕ್ಕಸರಪಳಿ ಬರೀ ಒಂದು ಹೈಡ್ರೋಜನ್, ಡಿಕ್ಕಿ ಹೊಡೆಯುವಂಥದ್ದು ಏನೂ ಇಲ್ಲ ಅಂದೆ. ಸರ್ ಕಲಿಸಿದ್ದೇ. ಮುಂದಿನ ಪ್ರಶ್ನೆ: "ನಿಮ್ಮ ಡಾಕಿಂಗ್ ನಿಜವೋ ಸುಳ್ಳೋ ಅಂತ ಲ್ಯಾಬಿನಲ್ಲಿ ಹೇಗೆ ನೋಡ್ತೀರಿ?" ನಾಲಿಗೆ ಒಣಗಿತು. ಆ ಜಾಗದ ಅಮೈನೋ ಆಮ್ಲ ಬದಲಿಸಿ ಅಂಟು ಅಳೆಯಬೇಕು ಅನ್ನೋ ಉತ್ತರ ಹೊಳೆದದ್ದು ವಾಪಸು ಬರುವಾಗ ಪಿಎಂಪಿ ಬಸ್ಸಿನಲ್ಲಿ, ನಳ ಸ್ಟಾಪ್ ದಾಟುವಾಗ. ದಿನವಿಡೀ ಲ್ಯಾಬಿನಲ್ಲಿ ಪಿಪೆಟ್ ಹಿಡಿಯುವವಳು ನಾನು! ಆ ಹನ್ನೆರಡು ರವಿವಾರಗಳಲ್ಲಿ ಪಿಪೆಟ್ಟಿನ ಮಾತು ಒಮ್ಮೆಯೂ ಬಂದಿರಲಿಲ್ಲ. ಸರ್ ಮೇಲೆ ನನಗಿರುವ ದೂರು ಅದೊಂದೇ. ಸದ್ಯ ವೇಟಿಂಗ್ ಲಿಸ್ಟ್‌ನಲ್ಲಿ ಮೂರನೆಯವಳು.

ಇದನ್ನು ಬರೆಯುವ ಮುಂಚೆ ಹೊಸ ಬ್ಯಾಚಿನ ಫೀ ಕೇಳೋಣ ಅಂತ ಅಲ್ಲಿಗೆ ಫೋನ್ ಮಾಡಿದೆ. 27,000, ಜಿಎಸ್‌ಟಿ ಬೇರೆ. ಸೊಲ್ಲಾಪುರದ ಸರ್ ಇದ್ದಾರಾ ಅಂದೆ. ಅವರು ದೀಪಾವಳಿಗೇ ಬಿಟ್ಟರು, ಈಗ ರೆಕಾರ್ಡ್ ಮಾಡಿದ ವಿಡಿಯೊ ಹಾಕುತ್ತೇವೆ ಅಂದರು.