ರಾಜ ಬೇಡವೆಂದ ವಿದ್ಯೆ, ಅವ್ವ ಬಾಯಿಬಿಡದ ವಿದ್ಯೆ

ಪಿಯುಸಿ ಓದುವ ಅಕ್ಕನ ಮಗಳಿಗೆ ಬೇಸಿಗೆ ರಜೆಗೆ ಒಂದು ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಬೇಕಿತ್ತು. ಮಾಟ-ಮಂತ್ರ ಇರಬೇಕು, ಆದರೆ ಮಂತ್ರದಂಡ ಹಿಡಿದ ಹಾಸ್ಟೆಲ್ ಮಕ್ಕಳ ಕತೆ ಸಾಕಾಗಿದೆ ಅಂದಳು. ನಾನು ಎರಡು ತರಿಸಿದೆ. ಒಂದು ಟೋಮಿ ಅಡೆಯೆಮಿಯ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ (2018). ಇನ್ನೊಂದು ನೆಡಿ ಒಕೊರಾಫೋರ್ ಬರೆದ ‘ಅಕಾಟಾ ವಿಚ್’ (2011). ಇಬ್ಬರೂ ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿಯರು. ಎರಡರಲ್ಲೂ ಮಂತ್ರವಿದ್ಯೆ ಬಚ್ಚಿಡಬೇಕಾದದ್ದು, ಎರಡರಲ್ಲೂ ಕತೆಯ ಗಂಟು ಮನೆಯವರ ಜೊತೆಗೇ ಇದೆ. ಕಲಬುರಗಿ ಬಿಸಿಲಿಗೆ ಮಧ್ಯಾಹ್ನ ಹೊರಗೆ ಹೋಗುವ ಮಾತೇ ಇಲ್ಲ. ಪುಸ್ತಕ ಅದಲು ಬದಲು ಮಾಡಿಕೊಂಡು ಇಬ್ಬರೂ ಓದಿದೆವು.

ಅಡೆಯೆಮಿ ಮೊದಲ ಪುಟದಿಂದಲೇ ಓಡಿಸುತ್ತಾಳೆ. ಒರೀಷಾ ಎಂಬ ಕಲ್ಪಿತ ರಾಜ್ಯ. ಹನ್ನೊಂದು ವರ್ಷದ ಹಿಂದೆ ಮಂತ್ರಶಕ್ತಿ ಮಾಯವಾಯಿತು, ಆ ಹೊತ್ತು ನೋಡಿ ರಾಜ ಸರಾನ್ ಮಂತ್ರ ಬಲ್ಲವರನ್ನೆಲ್ಲ ಕೊಲ್ಲಿಸಿದ. ಸತ್ತವರಲ್ಲಿ ನಾಯಕಿ ಝೆಲೀಯ ತಾಯಿಯೂ ಒಬ್ಬಳು. ಉಳಿದವರು ಅವರ ಮಕ್ಕಳು. ಅವರ ತಲೆಗೂದಲು ಬೆಳ್ಳಗೆ, ಹಾಗಾಗಿ ಎಲ್ಲಿ ಹೋದರೂ ಅಡಗಿಕೊಳ್ಳಲು ಆಗುವುದಿಲ್ಲ. ತೆರಿಗೆ ಜಾಸ್ತಿ, ಬೈಗುಳ ಜಾಸ್ತಿ. ಝೆಲೀ, ಅವಳ ಅಣ್ಣ ತ್ಸೈನ್, ಅರಮನೆಯಿಂದ ಓಡಿಬಂದ ರಾಜಕುಮಾರಿ ಅಮಾರಿ, ಇವರ ಕೈಯಲ್ಲಿ ಶಕ್ತಿ ಮರಳಿಸಬಲ್ಲ ಒಂದು ಸುರುಳಿ. ಹಿಂದೆ ಬೆನ್ನಟ್ಟುವವನು ಅಮಾರಿಯ ಅಣ್ಣ ಇನಾನ್.

ನನಗೆ ಈ ಪುಸ್ತಕದಲ್ಲಿ ಹಿಡಿಸಿದ್ದು ಝೆಲೀ ಅಲ್ಲ, ಈ ಇನಾನ್. ಮಂತ್ರದವರನ್ನು ಹಿಡಿಯಲು ಹೊರಟವನಲ್ಲೇ ಮಂತ್ರ ಹುಟ್ಟುತ್ತದೆ. ಕೂದಲಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ. ಅದನ್ನು ಅಪ್ಪನ ಕಣ್ಣಿಗೆ ಬೀಳದಂತೆ ಮುಚ್ಚಿಡಲು ಅವನು ಪಡುವ ಪಾಡು ಓದಿ ನನಗೆ ಸಂಕಟವಾಯಿತು. ಇಡೀ ರಾಜ್ಯದ ನಿಷೇಧ ಒಬ್ಬನ ತಲೆಬುರುಡೆಯ ಮೇಲೆ ಬಂದು ಕೂತಿದೆ. ಆದರೆ ಕಾದಾಟದ ಪುಟಗಳಲ್ಲಿ ನನ್ನ ಮನಸ್ಸು ಅಷ್ಟು ನಿಲ್ಲಲಿಲ್ಲ. ಐನೂರು ದಾಟುವ ಪುಟಗಳಲ್ಲಿ ನೂರಾದರೂ ಕತ್ತರಿಸಬಹುದಿತ್ತು. ನಡುವೆ ಬರುವ ಪ್ರೇಮವೂ ಅವಸರದ್ದು. ನಿನ್ನೆ ಕತ್ತಿ ಹಿರಿದವರು ಇವತ್ತು ಕೈ ಹಿಡಿಯುತ್ತಾರೆ. ಹುಡುಗಿಗೆ ಮಾತ್ರ ಅದೇ ಇಷ್ಟವಾಯಿತು. “ಮಾಮಾ, ನಿಮಗ ಇದೆಲ್ಲಾ ತಿಳಿಯಂಗಿಲ್ಲ ಬಿಡ್ರಿ” ಅಂದಳು. ಇರಬಹುದು.

‘ಅಕಾಟಾ ವಿಚ್’ನಲ್ಲಿ ರಾಜನೂ ಇಲ್ಲ, ಸೈನ್ಯವೂ ಇಲ್ಲ. ಈಗಿನ ನೈಜೀರಿಯಾದ ಆಬಾ ಪಟ್ಟಣ, ಹನ್ನೆರಡರ ಹುಡುಗಿ ಸನ್ನಿ. ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಅವಳಿಗೆ ತೊನ್ನಲ್ಲ, ಹುಟ್ಟಿನಿಂದಲೇ ಮೈಯಲ್ಲಿ ಬಣ್ಣವಿಲ್ಲದ ಸ್ಥಿತಿ. ಬಿಸಿಲಲ್ಲಿ ಫುಟ್ಬಾಲ್ ಆಡುವಂತಿಲ್ಲ. ಒಂದು ದಿನ ಮೇಣದಬತ್ತಿಯ ಉರಿಯಲ್ಲಿ ಲೋಕದ ಕೊನೆ ಕಾಣುತ್ತಾಳೆ. ಮುಂದೆ ತಾನು ‘ಲೆಪರ್ಡ್’ ಜನ, ಅಂದರೆ ಮಂತ್ರ ಬಲ್ಲವರ ಪೈಕಿ ಎಂದು ಗೊತ್ತಾಗುತ್ತದೆ. ಆದರೆ ಮನೆಯಲ್ಲಿ ಹೇಳುವಂತಿಲ್ಲ. ಗೆಳೆಯರು ಮೊದಲೇ ಅವಳಿಂದ ಒಂದು ಮಾಂತ್ರಿಕ ಪ್ರಮಾಣ ಮಾಡಿಸಿದ್ದಾರೆ. ಹೇಳಬೇಕೆಂದರೂ ಬಾಯಿಂದ ಮಾತು ಹೊರಡುವುದಿಲ್ಲ. ಇತ್ತ ಅವ್ವ ತನ್ನ ತಾಯಿಯ ಬಗ್ಗೆ, ಅಂದರೆ ಸನ್ನಿಯ ಅಜ್ಜಿಯ ಬಗ್ಗೆ, ತುಟಿ ಬಿಚ್ಚುವುದಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರು, ಇಬ್ಬರ ಬಾಯಿಗೂ ಬೀಗ.

ಇದು ನನಗೆ ಹೆಚ್ಚು ನಾಟಿತು. ಕಾರಣ ನಮ್ಮ ಕಡೆಯದೇ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಬೆಳೆದವರಿಗೆ ಭಾನಾಮತಿ, ಅಂದರೆ ಮಾಟ, ಅನ್ನುವ ಮಾತು ಹೊಸದಲ್ಲ. ಮನೆ ಮೇಲೆ ಕಲ್ಲು ಬಿದ್ದವು, ಗಳದ ಮೇಲಿನ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಿತು, ಹೀಗೆ ಕತೆಗಳು. ಹಿರಿಯರು ಹೇಳುವಾಗ ದನಿ ಇಳಿಸುತ್ತಾರೆ, ಮಕ್ಕಳು ಬಂದರೆ ಸುಮ್ಮನಾಗುತ್ತಾರೆ. ಆಮೇಲೆ ಬೆರಳು ಹೋಗುವುದು ಓಣಿಯ ಯಾರೋ ಒಂಟಿ ಹೆಂಗಸಿನ ಕಡೆಗೆ. ಕರ್ನಾಟಕದಲ್ಲಿ ವಾಮಾಚಾರ ತಡೆಯುವ ಕಾಯ್ದೆ ಆದದ್ದು 2017ರಲ್ಲಿ. ಅಡೆಯೆಮಿಯ ರಾಜ್ಯದಲ್ಲಿ ಕಾನೂನೇ ಮಂತ್ರದವರ ವೈರಿ. ನಮ್ಮಲ್ಲಿ ಮಂತ್ರವೇ ಸುಳ್ಳು, ಆದರೆ ಆ ಹೆಸರಲ್ಲಿ ಬೀಳುವ ಏಟು ಖರೆ. ಹುಡುಗಿ ಎರಡೂ ಪುಸ್ತಕ ಓದಿ ಆಯಿಗೆ ನೇರವಾಗಿ ಕೇಳಿಬಿಟ್ಟಳು, “ಆಯಿ, ನಿಮ್ಮೂರಾಗ ಯಾರಿಗೆ ಹಂಗ ಅಂತಿದ್ರು?” ಆಯಿ ಚಹಾ ಇಡಲು ಎದ್ದು ಹೋದರು.

ಒಕೊರಾಫೋರ್ ಕಟ್ಟಿದ ಲೋಕದಲ್ಲಿ ಇನ್ನೊಂದು ಮಜಾ ಇದೆ. ಅಲ್ಲಿ ಹೊಸದೇನಾದರೂ ಕಲಿತರೆ ಆಕಾಶದಿಂದ ‘ಚಿಟ್ಟಿಮ್’ ಎಂಬ ಲೋಹದ ಕಂಬಿಗಳು ಉದುರುತ್ತವೆ. ಅದೇ ಅವರ ದುಡ್ಡು. ಪಿಯು ಸೈನ್ಸ್ ಹುಡುಗಿಗೆ ಇದಕ್ಕಿಂತ ಸುಖದ ಕಲ್ಪನೆ ಉಂಟಾ? ಆದರೆ ಕೊನೆಯ ಕಾಳಗ ನಿರಾಸೆ. ಮಕ್ಕಳನ್ನು ಹಿಡಿದೊಯ್ಯುವ ಬ್ಲ್ಯಾಕ್ ಹ್ಯಾಟ್ ಎಂಬ ಖಳನನ್ನು ಪುಸ್ತಕವಿಡೀ ಹೆದರಿಸುತ್ತ ತಂದು, ಕೆಲವೇ ಪುಟಗಳಲ್ಲಿ ಮುಗಿಸುತ್ತಾಳೆ. ಅಲ್ಲಿ ಅಡೆಯೆಮಿಯೇ ಗಟ್ಟಿ.

ಭಾಷೆ? ‘ಅಕಾಟಾ ವಿಚ್’ ಸಲೀಸು, ಪುಟವೂ ಕಡಿಮೆ. ಕನ್ನಡ ಮಾಧ್ಯಮದಿಂದ ಬಂದವರು ಧೈರ್ಯವಾಗಿ ಹಿಡಿಯಬಹುದು. ಅಡೆಯೆಮಿಯಲ್ಲಿ ಮೂವರು ಸರದಿ ಮೇಲೆ “ನಾನು” ಎಂದು ಕತೆ ಹೇಳುತ್ತಾರೆ, ಮಂತ್ರಗಳೆಲ್ಲ ನೈಜೀರಿಯಾದ ಯೊರುಬಾ ಭಾಷೆಯಲ್ಲಿ. ಅಧ್ಯಾಯದ ತಲೆಬರಹ ನೋಡದೆ ಓದಿದರೆ ಯಾರು ಮಾತಾಡುತ್ತಿದ್ದಾರೆ ಎಂದೇ ತಿಳಿಯದು. ಇದಕ್ಕೆ ಆಡಿಯೋ ಒಳ್ಳೆಯ ಮದ್ದು. ಬಾನಿ ಟರ್ಪಿನ್ ಓದಿದ್ದನ್ನು ಬೀದರ್ ರೈಲಿನಲ್ಲಿ ಒಂದಿಷ್ಟು ಕೇಳಿದೆ. ಪ್ರತಿ ಪಾತ್ರಕ್ಕೂ ಬೇರೆ ದನಿ. ಪುಸ್ತಕದಲ್ಲಿ ಬೇಸರ ತಂದ ಕಾದಾಟಗಳೂ ಕಿವಿಗೆ ಚೆನ್ನಾಗಿದ್ದವು.

ಒಂದೇ ಕೊಳ್ಳುವುದಾದರೆ ನಾನು ‘ಅಕಾಟಾ ವಿಚ್’ ಅನ್ನುತ್ತೇನೆ. ಹದಿನಾರು ದಾಟಿದ, ದಪ್ಪ ಪುಸ್ತಕಕ್ಕೆ ಹೆದರದ, ಸ್ವಲ್ಪ ರಕ್ತಪಾತ ತಡೆಯುವ ಓದುಗರಿಗೆ ಅಡೆಯೆಮಿ. ಎರಡೂ ಮುಂದುವರಿಯುವ ಕತೆಗಳು, ಮೂರು ಮೂರು ಭಾಗ ಬಂದಿವೆ. ಅಡೆಯೆಮಿಯ ಎರಡನೆಯದನ್ನು ನಾನು ಅರ್ಧಕ್ಕೆ ಬಿಟ್ಟೆ. ಹುಡುಗಿ 2024ರಲ್ಲಿ ಬಂದ ಮೂರನೆಯದನ್ನೂ ತರಿಸು ಅಂತ ಬೆನ್ನು ಬಿದ್ದಿದ್ದಾಳೆ.