ರೇಟಿಂಗ್ ಇಲ್ಲದವರಿಗೂ ತೆರೆದ ಬಾಗಿಲು: ಒಂದು ಚೆಸ್ ಆ್ಯಪ್‌ನ ದೀರ್ಘಕಾಲದ ಬಳಕೆಯ ನಂತರ

ಹಲವು ವರ್ಷಗಳಿಂದ ಚಂದಾ ಕಟ್ಟಿ ಬಳಸುತ್ತಿರುವ ಈ ಚೆಸ್ ಆ್ಯಪ್‌ನ ಬಗ್ಗೆ ನನಗಿರುವ ತಕರಾರು ಒಂದೇ. ಶನಿವಾರ ರಾತ್ರಿಯ ‘1500ರ ಒಳಗಿನವರ’ ಟೂರ್ನಿಗೆ, ಅಂದರೆ ರೇಟಿಂಗ್ (ಆಟದ ಬಲವನ್ನು ಸೂಚಿಸುವ ಅಂಕಿ) 1500ಕ್ಕಿಂತ ಕಡಿಮೆ ಇರುವವರ ಟೂರ್ನಿಗೆ, ರೇಟಿಂಗ್ ಇನ್ನೂ ಸ್ಥಿರವಾಗದ ಹೊಸಬರನ್ನೂ ಯಾವ ಷರತ್ತೂ ಇಲ್ಲದೆ ಸೇರಿಸಿಕೊಳ್ಳುತ್ತಾರೆ.

ಆ ರಾತ್ರಿಗಾಗಿ ನಾನು ವಾರವಿಡೀ ಕಾಯುತ್ತೇನೆ. ಉಡುಪಿಯ ಮಳೆಗೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಕಾರಣ ಸಂಜೆಯೇ ಫೋನ್ ಚಾರ್ಜಿಗಿಟ್ಟು, ಗಂಜಿ ಊಟ ಮುಗಿಸಿ, ಸಿಗ್ನಲ್ ಚೆನ್ನಾಗಿ ಸಿಗುವ ಜಗಲಿಯ ಮೂಲೆಯಲ್ಲಿ ಕುಳಿತುಕೊಳ್ಳುತ್ತೇನೆ. ಟೂರ್ನಿ ಮುಗಿದ ಮೇಲೆ ಸೋತ ಆಟಗಳನ್ನು ಮರದ ಬೋರ್ಡಿನಲ್ಲಿ ಮತ್ತೆ ಆಡಿ ನೋಡುವುದು ನನಗೆ ಟೂರ್ನಿಯಷ್ಟೇ ಪ್ರಿಯ. ಇಷ್ಟು ಆಸ್ಥೆಯಿಂದ ಕುಳಿತಿರುವಾಗ, ನಿನ್ನೆಯಷ್ಟೇ ತೆರೆದ ಖಾತೆಯೊಂದು ಆನೆ–ಪದಾತಿಗಳ ಕಠಿಣ ಅಂತ್ಯದಾಟವನ್ನು ಲೀಲಾಜಾಲವಾಗಿ ಗೆದ್ದು ಬಹುಮಾನವನ್ನೂ ಒಯ್ದರೆ ಸಿಟ್ಟು ಬರುತ್ತದೆ.

ದೋಷ ರೇಟಿಂಗ್ ಲೆಕ್ಕದಲ್ಲಿಲ್ಲ. ಮಾರ್ಕ್ ಗ್ಲಿಕ್‌ಮನ್ ರೂಪಿಸಿದ ಗ್ಲಿಕೊ ಪದ್ಧತಿಯಲ್ಲಿ ಪ್ರತಿ ಆಟಗಾರನ ರೇಟಿಂಗ್ ಜೊತೆಗೆ ಅದು ಎಷ್ಟು ಅನಿಶ್ಚಿತ ಎಂಬ ಅಂಕಿಯೂ ಇರುತ್ತದೆ. ಹೊಸಬರಲ್ಲಿ ಅದು ಬಹಳ ದೊಡ್ಡದಿದ್ದು, ಆಡುತ್ತಾ ಹೋದಂತೆ ಕುಗ್ಗುತ್ತದೆ. ಆ ಅಂಕಿ ಕೈಯಲ್ಲೇ ಇದ್ದರೂ ಟೂರ್ನಿಗೆ ಹೆಸರು ಸೇರಿಸಿಕೊಳ್ಳುವಾಗ ಆಯೋಜಕರು ಅದನ್ನು ನೋಡುವುದೇ ಇಲ್ಲ.

ಹೊಸಬರನ್ನು ಹೊರಗಿಡಬೇಕೆಂದೇ ನಾನು ಬಹಳ ಕಾಲ ವಾದಿಸುತ್ತಿದ್ದೆ. ಈಚೆಗೆ ನೆರೆಮನೆಯ ಹುಡುಗಿ, ಅಜ್ಜನೊಡನೆ ಆಡಿಯೇ ಕಲಿತವಳು, ತನ್ನ ಮೊದಲ ಟೂರ್ನಿಯಲ್ಲಿ ಸತತವಾಗಿ ಗೆದ್ದಾಗ ಎದುರಾಳಿಗಳು ಚಾಟ್‌ನಲ್ಲಿ ಅವಳನ್ನು ಇಂಜಿನ್ (ಒಳ್ಳೆಯ ನಡೆ ಹೇಳಿಕೊಡುವ ಕಂಪ್ಯೂಟರ್ ಪ್ರೋಗ್ರಾಂ) ನೋಡಿ ಆಡುವ ಮೋಸಗಾತಿ ಎಂದರು. “ಮಾಮ, ನಾನು ಇಂಜಿನ್ ನೋಡಲೇ ಇಲ್ಲ” ಎಂದು ಅವಳು ಕಣ್ಣು ತುಂಬಿಕೊಂಡು ಹೇಳಿದ ಮೇಲೆ ನನ್ನ ವಾದದ ಬಿರುಸು ತಗ್ಗಿತು. ರೇಟಿಂಗ್ ಇಲ್ಲ ಎಂಬುದು ಆಟ ಬಾರದು ಎಂಬುದಕ್ಕೂ ಮೋಸ ಎಂಬುದಕ್ಕೂ ಸಾಕ್ಷಿಯಲ್ಲ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಲ್ಲೂ ಮೊದಲ ರೇಟಿಂಗ್ ಪಡೆಯಲು ರೇಟಿಂಗ್ ಉಳ್ಳವರ ವಿರುದ್ಧ ಕನಿಷ್ಠ 5 ಆಟಗಳನ್ನು ಆಡಿರಬೇಕು; ಆಡಲು ಬಿಡದಿದ್ದರೆ ರೇಟಿಂಗ್ ಬರುವುದಾದರೂ ಹೇಗೆ? ನಮ್ಮ ಎಷ್ಟೋ ಓಪನ್ ಟೂರ್ನಿಗಳಲ್ಲಿ ಅನ್‌ರೇಟೆಡ್ ಆಟಗಾರರಿಗೆ ಪ್ರತ್ಯೇಕ ಬಹುಮಾನವಿರುತ್ತದೆ. ಇಲ್ಲಿಯೂ ಅವರನ್ನು ಆಡಲು ಬಿಟ್ಟು, ರೇಟಿಂಗ್ ಸ್ಥಿರವಾಗುವವರೆಗೆ ಅವರ ಬಹುಮಾನವನ್ನು ಬೇರೆ ಇಡಬಹುದು.

ಈ ಸಲಹೆಯನ್ನು ಆ್ಯಪ್‌ನವರಿಗೆ ಬರೆದಿದ್ದೇನೆ. ಉತ್ತರ ಬರುವವರೆಗೆ ವರ್ಷದ ಚಂದಾ ಬಿಟ್ಟು ತಿಂಗಳ ಚಂದಾ ಮಾತ್ರ ಕಟ್ಟುತ್ತೇನೆ. ನನ್ನ ಸಂಬಳಕ್ಕೆ ಅದು ತುಸು ದುಬಾರಿಯಾದರೂ ಶನಿವಾರದ ಆಟವನ್ನು ಬಿಡಲು ಮನಸ್ಸಿಲ್ಲ.